ನಂಬರ್ ಬರೆಯದ ಪಿಕಪ್

ನಾನು ಮಾಡಿದ್ದು ಇಷ್ಟೇ: ಚೀಲದಿಂದ ದರ್ಜಿಗಳ ಅಳತೆ ಟೇಪೊಂದನ್ನು ಹೊರತೆಗೆದೆ. ಹೊಸಪೇಟೆಗೆ ಬಂದು ಮೂರನೆಯ ದಿನ. ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ಬಾಡಿಗೆಗೆ ಕಾಯುವ ಪಿಕಪ್ ಗಾಡಿಗಳು ಸಾಲಾಗಿ ನಿಂತಿದ್ದವು. ಮೊದಲನೆಯದರ ಹಿಂಬಾಗಿಲಿಗೆ ಟೇಪು ಹಿಡಿದು, ಅಗಲವನ್ನು ನೋಟುಬುಕ್ಕಿನಲ್ಲಿ ಗುರುತು ಮಾಡಿ ತಲೆಯೆತ್ತುವಷ್ಟರಲ್ಲಿ ಸಾಲಿನ ಕೊನೆಯ ಗಾಡಿ ಹೊರಟಿತು. ಅದರ ಹಿಂದೆ ಇನ್ನೊಂದು. ಬಾಳೆಗೊನೆ ತುಂಬುತ್ತಿದ್ದವನು ಅರ್ಧ ಗೊನೆಗಳನ್ನು ನೆಲದ ಮೇಲೇ ಬಿಟ್ಟು ಗಾಡಿ ಓಡಿಸಿಕೊಂಡು ಹೋದ. ಕೊನೆಗೆ ಬಯಲಿನಲ್ಲಿ ಉಳಿದವರು ನಾನು ಮತ್ತು ಎಂಜಿನ್ ಚಾಲೂ ಆಗದ ಒಂದು ಮುದಿ ಗಾಡಿಯ ಚಾಲಕ. ಅವನು ಕೆಳಗಿಳಿದು ಕೈಮುಗಿದ.

“ಯಾವ ಆಫೀಸಿನವ್ರು ರಿ ನೀವು?”

“ನೀರಾವರಿ ಆಫೀಸು,” ಎಂದೆ. ಅದು ನಿಜವೇ ಆಗಿತ್ತು.

“ನೀರಾವರಿಯವ್ರು ಗಾಡಿ ಯಾಕ ಅಳೀತೀರಿ?”

ಸಣ್ಣ ಗಾತ್ರದ ಮಾದರಿ ಮಾಡಲು ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮದುವೆಯ ವಯಸ್ಸು ದಾಟುತ್ತಿರುವ ಹೆಂಗಸು ಗಾಡಿಯ ಗೊಂಬೆ ಮಾಡುತ್ತೇನೆ ಎಂದರೆ ನಂಬಲು ಅವನೇನು ಹುಚ್ಚನೇ?

ಮಂಗಳೂರಿನ ಕಡೆ ಇದನ್ನು ಓದುವ ನಿಮಗೆ ನಾನು ಯಾರೆಂದು ಹೇಳಬೇಕು. ನನ್ನ ಹೆಸರು ವಾರಿಜ. ಅಪ್ಪ ಮಂಗಳೂರಿನಲ್ಲಿ ಬಸ್ಸು, ಲಾರಿಗಳ ಮೇಲೆ ಹೆಸರು ಮತ್ತು ನಂಬರ್ ಬರೆಯುತ್ತಿದ್ದರು. ಅವರ ಶೆಡ್ಡಿನಲ್ಲಿ ಬೆಳೆದ ನನ್ನ ಕೈಗೆ ಬೊಂಬೆಯ ಬದಲು ತಗಡಿನ ಚೂರು ಸಿಕ್ಕಿತು. ಹತ್ತನೆಯ ವಯಸ್ಸಿನಿಂದ ಗಾಡಿಗಳ ಪುಟ್ಟ ಮಾದರಿ ಮಾಡುತ್ತಾ ಬಂದೆ. ಬಸ್ಸು ಮಾಡಿದೆ, ಲಾರಿ ಮಾಡಿದೆ, ಮನಸ್ಸು ನಿಂತದ್ದು ಪಿಕಪ್ಪಿನ ಮೇಲೆ. ಅದರ ಮುಂದಿನ ಮೂತಿ ಕಾರ್ಖಾನೆಯದ್ದು, ಎಲ್ಲ ಊರಿನಲ್ಲೂ ಒಂದೇ. ಹಿಂದಿನ ಸರಕಿನ ತೊಟ್ಟಿ ಮಾತ್ರ ಆಯಾ ಊರಿನ ಬಡಗಿ ಕಟ್ಟುವುದು. ನಮ್ಮಲ್ಲಿ ಮೀನಿನ ಬುಟ್ಟಿ ಇಳಿಸಲೆಂದು ಅದನ್ನು ತಗ್ಗಾಗಿ ಕಟ್ಟುತ್ತಾರೆ, ನೀರು ಸೋರಲು ತಳದಲ್ಲಿ ತೂತು ಬಿಡುತ್ತಾರೆ. ಹೊಸಪೇಟೆಯಲ್ಲಿ ಬಾಳೆಗೊನೆಗೆ, ಕಬ್ಬಿಗೆ ಎಂದು ಎರಡೂ ಕಡೆ ಮರದ ಪಟ್ಟಿಗಳನ್ನು ಆಳೆತ್ತರಕ್ಕೆ ಏರಿಸುತ್ತಾರೆ. ಹಿಂಬಾಗಿಲಿಗೆ ಗಿಳಿ, ನವಿಲು, ದೇವರ ಹೆಸರು. ತೊಟ್ಟಿ ನೋಡಿದರೆ ಊರಿನವರು ಏನು ಬೆಳೆಯುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎರಡೂ ತಿಳಿಯುತ್ತದೆ.

ಅಪ್ಪನದ್ದೊಂದು ನಿಯಮವಿತ್ತು. ಮಾದರಿ ಮಾಡುವಾಗ ಮೊದಲು ನಂಬರ್ ಪ್ಲೇಟು ಬರೆಯಬೇಕು, ಆಮೇಲೆ ಗಾಡಿ ಕಟ್ಟಬೇಕು. ನಂಬರ್ ಇಲ್ಲದ್ದು ಗಾಡಿಯಲ್ಲ, ಮಕ್ಕಳ ಆಟಿಕೆ ಎನ್ನುತ್ತಿದ್ದರು. ಮಗಳು ಒಮ್ಮೆ ನೋಡಿದ ನಂಬರನ್ನು ಮರೆಯುವುದಿಲ್ಲ ಎನ್ನುವುದು ಅವರ ಹೆಮ್ಮೆ. ಬಂದ ಅತಿಥಿಗಳ ಮುಂದೆ ನನ್ನನ್ನು ನಿಲ್ಲಿಸಿ ಹಳೆಯ ಬಸ್ಸುಗಳ ನಂಬರ್ ಕೇಳುತ್ತಿದ್ದರು.

ನನಗೆ ಹೊಸಪೇಟೆಯ ನೀರಾವರಿ ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತ್ತು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ಕಾಲುವೆಯ ನಕ್ಷೆಯನ್ನು ಪಾರದರ್ಶಕ ಹಾಳೆಯ ಮೇಲೆ ಮಸಿಯಲ್ಲಿ ತೀಡುವ ಕೆಲಸ. ಎಂಬತ್ತರ ದಶಕ ಅದು. ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ದೀಪಾವಳಿಗೆ ತಾವು ಬರುತ್ತಾರೆ, ಮನೆ ನೋಡುತ್ತಾರೆ. ಮಗಳು ಇರಬಹುದಾದ ಮನೆ ಎನಿಸಿದರೆ ಸರಿ. ಇಲ್ಲದಿದ್ದರೆ ಬಂದ ಬಸ್ಸಿನಲ್ಲೇ ಇಬ್ಬರೂ ವಾಪಸು, ಕೆಲಸಕ್ಕೆ ರಾಜೀನಾಮೆ, ಆಮೇಲೆ ಸೋದರತ್ತೆ ಗೊತ್ತುಮಾಡಿದ ವರ.

ನಾಲ್ಕು ಮನೆಗಳಲ್ಲಿ ಬಾಗಿಲಲ್ಲೇ ಇಲ್ಲ ಎಂದರು. ಐದನೆಯದು ಚಿತ್ತವಾಡ್ಗಿಯಲ್ಲಿ, ಹುಲಿಗೆಮ್ಮ ಎಂಬವರ ಮನೆಯ ಹಿತ್ತಲಿನ ಕೋಣೆ. ಹುಲಿಗೆಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಾ ವಿಚಾರಣೆ ನಡೆಸಿದರು.

“ಒಬ್ರ ಇರ್ತೀರೇನು?”

“ಹೌದು.”

“ಮದಿವಿ?”

“ಆಗಿಲ್ಲ.”

“ಇಷ್ಟು ದೂರ ಯಾಕ ಬಂದ್ರಿ? ಅಲ್ಲೇನರ ಆತೇನು?”

ಏನೂ ಆಗಿಲ್ಲ ಎಂದೆ. ಏನೂ ಆಗದೆ ಯಾರಾದರೂ ಕಡಲು ಬಿಟ್ಟು ಇಂಥ ಬಿಸಿಲಿಗೆ ಬರುತ್ತಾರೆಯೇ ಎಂಬ ಮುಖ ಮಾಡಿದರೂ ಕೀಲಿಕೈ ಕೊಟ್ಟರು. ಅವರ ಗಂಡ ಹೊನ್ನೂರಪ್ಪ ಮಾತ್ರ ನನ್ನ ನೋಟುಬುಕ್ಕನ್ನೇ ನೋಡುತ್ತಾ ನಿಂತಿದ್ದರು. ಅವರದ್ದೂ ಒಂದು ಪಿಕಪ್ ಇತ್ತು, ಹಂಪಿಯ ಕಡೆಯ ತೋಟಗಳಿಂದ ಬಾಳೆ ಸಾಗಿಸುತ್ತಿತ್ತು. ಹಿಂಬಾಗಿಲಿಗೆ ಎರಡು ಹಸಿರು ಗಿಳಿ. ನಾನು ಮನೆ ಸೇರಿದ ಮರುದಿನದಿಂದ ಆ ಗಾಡಿಯನ್ನು ಬೆನ್ನು ಗೋಡೆಗೆ ಅಂಟಿಸಿ, ಪಕ್ಕದ ಪಟ್ಟಿಗಳ ಮೇಲೆ ತಾಡಪತ್ರಿ ಹೊದಿಸಿಯೇ ನಿಲ್ಲಿಸುತ್ತಿದ್ದರು.

ಸಂಶಯ ನನಗೂ ಹುಟ್ಟುಗುಣ. ಕಚೇರಿಗೆ ಹೋಗುವಾಗ ಟ್ರಂಕಿನ ಚಿಲಕಕ್ಕೆ ಒಂದು ಎಳೆ ದಾರ ಕಟ್ಟಿ ಹೋಗುತ್ತಿದ್ದೆ. ವಾರಕ್ಕೆ ಎರಡು ಬಾರಿ ದಾರ ಹರಿದಿರುತ್ತಿತ್ತು. ಏನೂ ಕಳೆದಿರುತ್ತಿರಲಿಲ್ಲ. ಎಣ್ಣೆ ಡಬ್ಬದ ತಗಡು, ಅರ, ಸಣ್ಣ ಗರಗಸ, ಬಣ್ಣದ ಬಾಟಲಿಗಳು ಇಟ್ಟಲ್ಲೇ ಇದ್ದವು. ಒಂಟಿ ಹೆಂಗಸಿನ ಟ್ರಂಕಿನಲ್ಲಿ ಸೀರೆಗಿಂತ ಹೆಚ್ಚು ಗರಗಸವಿದ್ದರೆ ಮನೆಯೊಡತಿ ಏನೆಂದುಕೊಳ್ಳಬೇಕು ಎಂದು ನಾನು ಯೋಚಿಸಲಿಲ್ಲ. ನನಗೆ ಸಿಟ್ಟು ಬಂತು, ಇನ್ನೂ ಗಟ್ಟಿಯಾದ ದಾರ ಕಟ್ಟಿದೆ.

ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮಾತಾಡಿದರೆ ನಗುತ್ತಿದ್ದರು. “ರೇಡಿಯೋದಾಗ ಮಾತಾಡಿದಂಗ ಮಾತಾಡ್ತೀರಲ್ರಿ,” ಎಂದು ತರಕಾರಿಯವಳು ಪಕ್ಕದವಳನ್ನು ಕರೆದು ನನ್ನಿಂದ ಇನ್ನೊಮ್ಮೆ ಬದನೆಕಾಯಿ ಕೇಳಿಸಿದಳು. ಕುಚ್ಚಲಕ್ಕಿ ಎಲ್ಲೂ ಸಿಗಲಿಲ್ಲ, ಕಾಲುವೆಯ ನೀರಿನಲ್ಲಿ ಎಕರೆಗಟ್ಟಲೆ ಭತ್ತ ಬೆಳೆಯುವ ಊರಿನಲ್ಲಿ ನಮ್ಮ ಅಕ್ಕಿ ಇಲ್ಲ. ನಾವು ಸಂಜೆ ಒಣಗಿದ್ದನ್ನೇ ಮೆಲ್ಲುವ ಮಂಡಕ್ಕಿಯನ್ನು ಇಲ್ಲಿ ನೀರಿನಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿಯ ಜೊತೆ ಬೆಳಿಗ್ಗೆಯೇ ತಿನ್ನುತ್ತಾರೆ. ಅದಕ್ಕೆ ಒಗ್ಗರಣಿ ಮಿರ್ಚಿ ಎಂದು ಹೆಸರು. ಮೊದಲ ದಿನ ಕಣ್ಣಲ್ಲಿ ನೀರು ಬಂತು. ತಿಂಗಳಾಗುವಷ್ಟರಲ್ಲಿ ಅದಿಲ್ಲದೆ ಕಚೇರಿಗೆ ಹೋಗಲು ಆಗುತ್ತಿರಲಿಲ್ಲ. ಊರಿನಿಂದ ತಂದಿದ್ದ ದೊಡ್ಡ ಕೊಡೆಗೆ ಮಾತ್ರ ಕೆಲಸವೇ ಇರಲಿಲ್ಲ. ಆಷಾಢವೂ ಒಣಗಿ ಹೋದಾಗ ಅದರ ಬಟ್ಟೆ ಕತ್ತರಿಸಿ ಮಾದರಿಗಳ ತಾಡಪತ್ರಿ ಮಾಡಿದೆ. ಊರಿಗೆ ವಾಪಸು ಹೋಗುವ ಮನಸ್ಸಿದ್ದವಳು ಕೊಡೆಯನ್ನು ಕತ್ತರಿಸುವುದಿಲ್ಲ.

ನನ್ನನ್ನು ನಂಬಿದ ಮೊದಲನೆಯವರು ಖಾದರ್ ಸಾಬ್. ಸಂಡೂರು ರಸ್ತೆಯಲ್ಲಿ ಪಿಕಪ್ಪುಗಳಿಗೆ ತೊಟ್ಟಿ ಕಟ್ಟುವ ಶೆಡ್ಡಿನ ಮೇಸ್ತ್ರಿ. ಒಂದು ಭಾನುವಾರ ನನ್ನದೊಂದು ಮಾದರಿಯನ್ನು ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕದ್ದು. ಹವಾಯಿ ಚಪ್ಪಲಿ ಕೊರೆದು ಮಾಡಿದ ಟೈರು, ತೊಳೆದ ಎಕ್ಸ್‌ರೇ ಹಾಳೆಯ ಮುಂಗಾಜು, ರವಿಕೆಯ ಒತ್ತುಗುಂಡಿಯ ದೀಪ. ಅವರು ಕನ್ನಡಕ ಏರಿಸಿ, ಹಿಂಬಾಗಿಲನ್ನು ಉಗುರಿನಿಂದ ತೆರೆದು ಮುಚ್ಚಿದರು.

“ಕೀಲು ಬಿಗಿ ಆತು. ಒಂಚೂರು ಸಡಲ ಬಿಡ್ರಿ ಅಕ್ಕಾರ, ಕಟಗಿ ಉಸರಾಡ್ಬೇಕು,” ಎಂದರು. ಆಮೇಲೆ ತೇಗದ ಚೂರುಗಳ ಡಬ್ಬವನ್ನೇ ನನ್ನ ಕಡೆ ತಳ್ಳಿದರು.

ಅವರ ಶೆಡ್ಡಿನಲ್ಲಿ ಒಂದು ರೂಢಿ ಇತ್ತು. ತೊಟ್ಟಿ ಪೂರ್ತಿಯಾದ ಮೇಲೂ ಒಂದು ಮೊಳೆಯನ್ನು ಅರ್ಧವೇ ಹೊಡೆದು ಬಿಡುತ್ತಿದ್ದರು. ಗಾಡಿಯ ಒಡೆಯ ಬಂದು, ಕಾಯಿ ಒಡೆದು, ಆ ಮೊಳೆಯನ್ನು ತನ್ನ ಕೈಯಿಂದ ಬಡಿಯಬೇಕು. ಬಡಿದನೋ, ಗಾಡಿಯನ್ನು ಒಪ್ಪಿಕೊಂಡ ಎಂದರ್ಥ. ಆಮೇಲೆ ತಕರಾರು ಮಾಡುವಂತಿಲ್ಲ.

ಹೊನ್ನೂರಪ್ಪನವರ ಪಿಕಪ್ಪಿನ ಮಾದರಿ ಮಾಡಿ ಆಯುಧಪೂಜೆಗೆ ಕೊಟ್ಟರೆ ಮನೆಯವರ ಸಂಶಯ ಕರಗಬಹುದು ಎಂದು ನನಗೆ ಹೊಳೆಯಿತು. ಆದರೆ ಅದನ್ನು ಅಳೆಯಲು ಅವರು ಬಿಡಬೇಕಲ್ಲ. ಕಚೇರಿಯ ಜೀಪಿನಲ್ಲಿ ಕಂಪ್ಲಿಗೆ ಹೋದ ದಿನ, ಕಬ್ಬಿನ ಗದ್ದೆಯ ಪಕ್ಕ ಆ ಗಾಡಿ ನಿಂತಿತ್ತು. ಅದೇ ಗಿಳಿಗಳು, ಅದೇ ನಂಬರ್. ಆ ನಂಬರನ್ನು ಇಲ್ಲಿ ಬರೆಯುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ. ಸುತ್ತ ಯಾರೂ ಇರಲಿಲ್ಲ, ಬೇಗ ಬೇಗ ಅಳೆದೆ. ಹಿಂಬಾಗಿಲಿನ ಅಗಲ ಬರೆದುಕೊಂಡೆ, ಪಕ್ಕದಲ್ಲಿ ಐದು ಪಟ್ಟಿ. ಉದ್ದ ಅಳೆಯುವಷ್ಟರಲ್ಲಿ ಜೀಪು ಹಾರ್ನ್ ಹಾಕಿತು.

ಮೂರು ವಾರ ಬಿಟ್ಟು, ಊರು ನೋಡುವ ನೆಪದಲ್ಲಿ ಬಸ್ಸು ಹತ್ತಿ ಸಂಡೂರಿಗೆ ಹೋದೆ. ಹೋದದ್ದು ಅಲ್ಲಿಯ ಗಾಡಿಗಳನ್ನು ನೋಡಲೆಂದೇ. ಅಲ್ಲಿ ಅದಿರಿನ ಧೂಳು ಬಿದ್ದು ಎಲ್ಲವೂ ಕೆಂಪು, ಬೇಲಿಯ ಎಲೆಯೂ ಕೆಂಪು. ಸಂತೆಯ ಹತ್ತಿರ ಅದೇ ಪಿಕಪ್ ನಿಂತಿತ್ತು. ನನ್ನ ಅದೃಷ್ಟವೇ ಎಂದುಕೊಂಡು ಮೊದಲಿನಿಂದ ಎಲ್ಲ ಅಳತೆ ತೆಗೆದು ಮುಗಿಸಿದೆ. ಮನೆಗೆ ಬಂದು ನೋಟುಬುಕ್ಕು ತೆರೆದರೆ ಲೆಕ್ಕ ಕೂಡಲಿಲ್ಲ. ಕಂಪ್ಲಿಯಲ್ಲಿ ಐದು ಪಟ್ಟಿ, ಸಂಡೂರಿನಲ್ಲಿ ಏಳು. ಹಿಂಬಾಗಿಲಿನ ಅಗಲದಲ್ಲಿ ನಾಲ್ಕು ಇಂಚು ವ್ಯತ್ಯಾಸ. ಅಳತೆ ತಪ್ಪಿದರೆ ನನ್ನ ಅನ್ನವೇ ತಪ್ಪಿದಂತೆ. ನನ್ನ ಮೇಲೆ ನನಗೇ ಅನುಮಾನ ಬಂತು.

ಖಾದರ್ ಸಾಬರಿಗೆ ನೋಟುಬುಕ್ಕು ತೋರಿಸಿದೆ. ಅವರು ಓದಿದರು, ಮುಚ್ಚಿದರು, ಬೀಡಿ ಹಚ್ಚಿದರು.

“ಬಟ್ಟಿ ಟೇಪು ಬಿಸಲಿಗೆ ಹಿಗ್ಗತೈತಿ ಅಕ್ಕಾರ.”

“ಟೇಪು ಹಿಗ್ಗಿದರೆ ಎರಡು ಪಟ್ಟಿ ಹೆಚ್ಚಾಗುತ್ತದೆಯೇ?”

“ನನಗ ಹೇಳಿದ್ರಿ, ಸಾಕು. ಇನ್ಯಾರಿಗೂ ಹೇಳಬ್ಯಾಡ್ರಿ.”

ಅವರ ಮೇಲೂ ಸಂಶಯ ಶುರುವಾಯಿತು. ನನ್ನ ತಪ್ಪನ್ನು ನಯವಾಗಿ ಮುಚ್ಚುತ್ತಿದ್ದಾರೆ ಎಂದೇ ತಿಳಿದೆ. ಯಾವ ಅಳತೆ ಸರಿ ಎಂದು ತೀರ್ಮಾನವಾಗದೆ ತೊಟ್ಟಿಯ ಕೆಲಸವನ್ನು ಹಾಗೇ ಬಿಟ್ಟು, ಅಪ್ಪನ ನಿಯಮದಂತೆ ಮೊದಲು ನಂಬರ್ ಪ್ಲೇಟು ಬರೆದೆ. ಹೆಬ್ಬೆರಳಿನ ಉಗುರಿನಷ್ಟು ಅಗಲದ ತಗಡು, ಒಂದೇ ಕೂದಲಿನ ಕುಂಚ. ಚೆನ್ನಾಗಿ ಬಂತು. ಒಣಗಲೆಂದು ಟ್ರಂಕಿನಲ್ಲಿ, ಹತ್ತಿಯ ಮೇಲೆ ಇಟ್ಟೆ.

ನವರಾತ್ರಿಗೆ ಮುಂಚಿನ ಭಾನುವಾರ ಬೆಳಿಗ್ಗೆ, ನಾನು ನಲ್ಲಿಯಿಂದ ನೀರು ತಂದು ಕೊಡ ಇಳಿಸುತ್ತಿದ್ದಾಗ ಹೊನ್ನೂರಪ್ಪ ಕೋಣೆಯ ಬಾಗಿಲಿಗೆ ಬಂದರು. ಹಿಂದೆ ಹುಲಿಗೆಮ್ಮ. ಹೊನ್ನೂರಪ್ಪ ಅಂಗೈ ಬಿಚ್ಚಿದರು. ಅದರಲ್ಲಿ ನನ್ನ ಪುಟ್ಟ ಪ್ಲೇಟುಗಳು.

“ಇದು ನಮ್ಮ ಗಾಡಿ ನಂಬರು.”

“ಹೌದು. ನಿಮ್ಮ ಗಾಡಿಯನ್ನೇ ಮಾಡುತ್ತಿದ್ದೇನೆ.”

“ಎರಡು ಯಾಕ ಬರದೀರಿ?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

“ನಿಮಗ ಯಾರು ಹೇಳಿದ್ರು? ಖಾದರ ಹೇಳಿದ್ನೇನು? ಒಂದ ನಂಬರು, ಎರಡು ಪ್ಲೇಟು. ನಮಗ ಗೊತ್ತಾಗಬೇಕಂತ ಟ್ರಂಕಿನ್ಯಾಗ ಇಟ್ಟೀರಿ.”

“ಒಂದು ಮುಂದಕ್ಕೆ,” ಎಂದೆ. “ಒಂದು ಹಿಂದಕ್ಕೆ.”

ಹುಲಿಗೆಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಕಳ್ಳ ಎಂಬ ಮಾತನ್ನೂ ನಾನು ಆಡಿರಲಿಲ್ಲ. ಗಾಡಿಗೆ ಮುಂದೊಂದು ಹಿಂದೊಂದು ಪ್ಲೇಟಿರುತ್ತದೆ ಎನ್ನುವುದು ಗಾಡಿಯವರಿಗೇ ಮರೆತುಹೋಗಿತ್ತು. ಆಗ ನನ್ನ ತಲೆಯಲ್ಲಿ ಐದು ಪಟ್ಟಿ, ಏಳು ಪಟ್ಟಿ ಪಕ್ಕಪಕ್ಕ ಬಂದು ನಿಂತವು. ಟೇಪು ಹಿಗ್ಗಿರಲಿಲ್ಲ. ಕಂಪ್ಲಿಯ ಗಾಡಿ ಬೇರೆ, ಸಂಡೂರಿನ ಗಾಡಿ ಬೇರೆ. ಎರಡಕ್ಕೂ ಒಂದೇ ನಂಬರ್, ಅವೇ ಗಿಳಿಗಳು. ನನಗೆ ತಿಳಿಯಿತು ಎನ್ನುವುದು ಹೊನ್ನೂರಪ್ಪನವರಿಗೂ ತಿಳಿಯಿತು.

“ಹಬ್ಬ ಮುಗದ ಮ್ಯಾಲೆ ಮನಿ ಖಾಲಿ ಮಾಡ್ರಿ,” ಎಂದು ಪ್ಲೇಟುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದರು.

ಆ ಮಧ್ಯಾಹ್ನವೇ ಶೆಡ್ಡಿಗೆ ಹೋದೆ. ಖಾದರ್ ಸಾಬ್ ಈಗ ಬಚ್ಚಿಡಲಿಲ್ಲ.

“ಎರಡಕ್ಕೂ ನಾನ ತೊಟ್ಟಿ ಕಟ್ಟಿದಾವ. ಒಂದಕ್ಕ ಕಾಗದ ಐತಿ, ಇನ್ನೊಂದಕ್ಕ ಬರೇ ಬಣ್ಣ ಐತಿ. ಎರಡೂ ಒಂದ ಊರಾಗ ನಿಂದರಂಗಿಲ್ಲ, ಅಷ್ಟ. ಸಂಡೂರಿಂದನ್ನ ಹುಲಿಗೆಮ್ಮನ ತಮ್ಮ ಓಡಸ್ತಾನ.”

“ನೀವು ಯಾಕೆ ಸುಮ್ಮನಿದ್ದೀರಿ?”

“ನಾ ಈ ಊರಾಗ ಇರಾಂವ ಅಕ್ಕಾರ. ನೀವು ಹೋಗಾರು.”

ಹೋಗಾರು ಎಂಬ ಮಾತು ನನ್ನನ್ನು ಚುಚ್ಚಿತು. ಹೋಗುವವಳಾದರೆ ಕೊಡೆಯನ್ನು ಯಾಕೆ ಕತ್ತರಿಸಿದೆ? ಸಂಬಂಧಪಟ್ಟ ಕಚೇರಿಗೆ ಒಂದು ಕಾರ್ಡು ಬರೆದಿದ್ದರೆ ಮುಗಿಯುತ್ತಿತ್ತು. ನಂಬರೆಂದರೆ ಗಾಡಿಯ ಮುಖ ಎಂದು ಕಲಿಸಿದ ಅಪ್ಪನ ಮಗಳು ಬರೆಯಲೇಬೇಕಿತ್ತು. ಬರೆಯಲಿಲ್ಲ. ಇದನ್ನು ದಯೆ ಎಂದು ಯಾರೂ ತಿಳಿಯಬೇಡಿ. ನನಗೆ ಮನೆ ಬೇಕಿತ್ತು. ದೀಪಾವಳಿಗೆ ಅಪ್ಪ ಬಂದಾಗ ಬಾಗಿಲು ತೆರೆದು ಒಳಗೆ ಕರೆಯಲು ಒಂದು ಕೋಣೆ ಬೇಕಿತ್ತು. ನಾಚಿಕೆಯಾಯಿತು, ಆದರೂ ತೊಟ್ಟಿ ಕಟ್ಟಲು ಕೂತೆ.

ಐದು ಪಟ್ಟಿ ಹಾಕಲೋ ಏಳು ಹಾಕಲೋ? ಆರು ಹಾಕಿದೆ. ಆರು ಪಟ್ಟಿಯ ಗಾಡಿ ಅವರ ಬಳಿ ಎಲ್ಲೂ ಇರಲಿಲ್ಲ. ಬರೆದಿದ್ದ ಎರಡು ಪ್ಲೇಟುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಬಿಳಿ ಬಣ್ಣ ಬಳಿದು, ಖಾಲಿಯಾಗಿಯೇ ಮುಂದೊಂದು ಹಿಂದೊಂದು ಅಂಟಿಸಿದೆ. ಬಾಳ್ವೆಯಲ್ಲಿ ಮೊದಲ ಬಾರಿ ನಂಬರಿಲ್ಲದ ಗಾಡಿ ಮಾಡಿದೆ. ಹಿಂಬಾಗಿಲಿನ ಪಕ್ಕ ಒಂದು ಗುಂಡುಸೂಜಿಯನ್ನು ಅರ್ಧವೇ ಚುಚ್ಚಿ ಬಿಟ್ಟೆ.

ಆಯುಧಪೂಜೆಯ ದಿನ ಅಂಗಳದಲ್ಲಿ ಐದು ಪಟ್ಟಿಯ ಪಿಕಪ್ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವು ಹಾಕಿ ನಿಲ್ಲಿಸಿದ್ದರು. ಅದರ ಮುಂದೆ, ನಿಂಬೆಹಣ್ಣುಗಳ ಪಕ್ಕ ನನ್ನದನ್ನು ಇಟ್ಟು ದೂರ ನಿಂತೆ. ಹೊನ್ನೂರಪ್ಪ ಕುಕ್ಕರಗಾಲಿನಲ್ಲಿ ಕೂತು ಪಟ್ಟಿಗಳನ್ನು ಬೆರಳಿನಿಂದ ಎಣಿಸಿದರು. ಆರರಲ್ಲಿ ಬೆರಳು ನಿಂತಿತು. ಗಾಡಿಯನ್ನು ತಿರುಗಿಸಿ ಹಿಂದಿನ ಪ್ಲೇಟು ನೋಡಿದರು, ಮತ್ತೆ ತಿರುಗಿಸಿ ಮುಂದಿನದ್ದು ನೋಡಿದರು.

“ಏ, ಸಣ್ಣ ಸುತ್ತಿಗಿ ಕೊಡು,” ಎಂದು ಹೆಂಡತಿಗೆ ಹೇಳಿದರು. ಗುಂಡುಸೂಜಿಯ ತಲೆಯನ್ನು ಎರಡೇ ಏಟಿಗೆ ಒಳಗೆ ಕೂರಿಸಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: “ಕುಂದ್ರಿ ಅಕ್ಕಾರ. ಊಟ ಮಾಡೇ ಹೋಗ್ರಿ.”

ಮನೆ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ. ಗಾಡಿಯ ಬೆನ್ನು ಗೋಡೆ ಬಿಟ್ಟು ಅಂಗಳಕ್ಕೆ ತಿರುಗಿತು. ಟ್ರಂಕಿನ ದಾರ ಹರಿಯುವುದು ನಿಂತಿತು, ನಾನೂ ಕಟ್ಟುವುದನ್ನು ಬಿಟ್ಟೆ. ಮುಂದಿನ ವಾರ ಬಸ್ ನಿಲ್ದಾಣದ ಹಿಂದೆ ಟೇಪು ತೆಗೆದಾಗ ಒಂದು ಗಾಡಿಯೂ ಕದಲಲಿಲ್ಲ. “ನಮ್ಮ ಟೇಪಕ್ಕ ರಿ, ಏನೂ ಮಾಡಂಗಿಲ್ಲ,” ಎಂದು ಆ ಮುದಿ ಗಾಡಿಯ ಚಾಲಕ ಹೊಸಬನೊಬ್ಬನಿಗೆ ಹೇಳಿದ. ನಮ್ಮ ಎಂಬ ಮಾತಿಗಾಗಿ ಆರು ತಿಂಗಳು ಹಸಿದಿದ್ದೆ, ಕೇಳಿ ಕಣ್ಣು ತುಂಬಿತು. ಏನೂ ಮಾಡಂಗಿಲ್ಲ ಎಂಬ ಮಾತೂ ಕಿವಿಯಲ್ಲಿ ಉಳಿಯಿತು.

ದೀಪಾವಳಿಗೆ ಅಪ್ಪ ಬಂದರು. ಕೋಣೆ ನೋಡಿದರು, ಚಿಲಕ ಎಳೆದು ನೋಡಿದರು, ನಲ್ಲಿಯ ನೀರು ಕುಡಿದು ನೋಡಿದರು. ಹುಲಿಗೆಮ್ಮ ಹೋಳಿಗೆ ಬಡಿಸಿ, “ನಿಮ್ಮ ಮಗಳು ನಮ್ಮನಿ ಮಗಳಿದ್ದಂಗ,” ಎಂದರು. ಅಪ್ಪನಿಗೆ ಖುಷಿಯಾಯಿತು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಪಡಸಾಲೆಯ ಗಾಜಿನ ಕಪಾಟಿನ ಮುಂದೆ ನಿಂತರು. ಅಲ್ಲಿ ನನ್ನ ಪಿಕಪ್ ಇತ್ತು. ಹೊರಗೆ ತೆಗೆದು ಬೆಳಕಿಗೆ ಹಿಡಿದರು, ಗಿಳಿಗಳನ್ನು ಮೆಚ್ಚಿದರು. ಆಮೇಲೆ ಹುಬ್ಬು ಗಂಟಿಕ್ಕಿತು.

“ನಂಬರ್ ಎಲ್ಲಿ ಉಂಟು ಮಾರಾಯ್ತಿ?”

ನಾನು ಏನೋ ಗೊಣಗಿದೆ. ಅಪ್ಪ ಆಗಲೇ ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದಿದ್ದರು. ಅದರಲ್ಲಿ ಕನ್ನಡಕದ ಜೊತೆ ಸಣ್ಣ ಕುಂಚವೂ ಇರುತ್ತಿತ್ತು. “ಕಪ್ಪು ಬಣ್ಣ ಕೊಡು. ನಾನೇ ಬರೆದು ಕೊಡ್ತೇನೆ. ಗಾಡಿ ಎಲ್ಲಿ ಉಂಟು?”

“ಕಂಪ್ಲಿಗೆ ಹೋಗೈತಿ,” ಎಂದರು ಹುಲಿಗೆಮ್ಮ.

“ಸಂಡೂರಿಗೆ,” ಎಂದರು ಹೊನ್ನೂರಪ್ಪ, ಅದೇ ಉಸಿರಿನಲ್ಲಿ.

ಇಬ್ಬರೂ ನಿಜವನ್ನೇ ಹೇಳಿದ್ದರು. ಅಪ್ಪ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಅತಿಥಿಗಳ ಮುಂದೆ ನಿಲ್ಲಿಸಿ ಕೇಳುತ್ತಿದ್ದ ಹಳೆಯ ಧ್ವನಿಯಲ್ಲೇ ಕೇಳಿದರು.

“ನೀನು ಹೇಳು. ನಂಬರ್ ಎಷ್ಟು?”

ಹೊನ್ನೂರಪ್ಪ ನೆಲ ನೋಡುತ್ತಿದ್ದರು. ಹುಲಿಗೆಮ್ಮನ ಕೈಯಲ್ಲಿದ್ದ ಹೋಳಿಗೆಯ ತಟ್ಟೆ ಅಲ್ಲೇ ನಿಂತಿತ್ತು.

“ಮರೆತುಹೋಗಿದೆ ಅಪ್ಪ,” ಎಂದೆ.

ಅಪ್ಪ ಕುಂಚವನ್ನು ಡಬ್ಬಿಯೊಳಗೆ ಇಟ್ಟರು. ಪಿಕಪ್ಪನ್ನು ಕಪಾಟಿಗೆ ಮರಳಿಸಿ, ಗಾಜು ಸರಿಸಿದರು. ನನ್ನನ್ನು ನೋಡಿದ ರೀತಿ ಮಾತ್ರ ಹೊಸದಾಗಿತ್ತು. ಯಾವ ಆಫೀಸಿನವರು ನೀವು ಎಂದು ಮೂರನೆಯ ದಿನ ಕೇಳಿದ ಚಾಲಕ ನೋಡಿದ್ದು ಹಾಗೇ.

ಮರುದಿನ ಅಪ್ಪನನ್ನು ಬಸ್ಸಿಗೆ ಹತ್ತಿಸಲು ಹೋದೆ. ಹೊನ್ನೂರಪ್ಪ ಕೊಟ್ಟ ಬಾಳೆಗೊನೆ ಅವರ ಕಾಲ ಬುಡದಲ್ಲಿತ್ತು. “ಮನೆ ಒಳ್ಳೆಯದುಂಟು, ಜನ ಒಳ್ಳೆಯವರು. ಇರು,” ಎಂದರು. ನಾನು ಗೆದ್ದಿದ್ದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ ಹೇಳಿದರು: “ನಂಬರ್ ನೆನಪಾದರೆ ಒಂದು ಕಾಗದ ಬರೆ.”

ಅಪ್ಪ ಇರುವವರೆಗೂ ಪ್ರತಿ ವಾರ ಕಾಗದ ಬರೆದೆ. ಬಿಸಿಲು, ಕಾಲುವೆಯ ನೀರು, ಹುಲಿಗೆಮ್ಮನ ಮೊಣಕಾಲು ನೋವು, ಎಲ್ಲ ಬರೆದೆ. ನಂಬರ್ ಬರೆಯಲಿಲ್ಲ, ಅವರೂ ಮತ್ತೆ ಕೇಳಲಿಲ್ಲ.